ಯಂತ್ರಕ್ಕೆ ಸಾಕ್ಷಿ ನಿಂತ ಹುಡುಗಿ

ಆ ಸೋಮವಾರ ಬೆಳಿಗ್ಗೆ ಪರದೆಯ ಮೇಲೆ ಅಂಕಿ ಕೆಳಗಿಳಿದದ್ದನ್ನು ಕಂಡಾಗ ನಾನು ಮೊದಲು ಬೈದದ್ದು ಯಂತ್ರವನ್ನು. ಆಮೇಲೆ ಗ್ಯಾಸ್ ಸಿಲಿಂಡರ್ ಕಳಿಸಿದವರನ್ನು, ಆಮೇಲೆ ಹಿಂದಿನ ವಾರ ಎ.ಸಿ. ರಿಪೇರಿ ಮಾಡಿ ಹೋದವನನ್ನು. ಊದಿದ ಹುಡುಗಿಗೆ ಮಾತ್ರ, "ನೀನು ಚೆನ್ನಾಗೇ ಊದಿದ್ದೀಯಮ್ಮ, ಕೂತ್ಕೋ," ಎಂದೆ.

ನಾನು ಕೆಲಸ ಮಾಡುವುದು ಹೊಸೂರು ರಸ್ತೆಯಲ್ಲಿ, ಬೊಮ್ಮಸಂದ್ರಕ್ಕೆ ಹತ್ತಿರದ ಒಂದು ಬೋಧನಾ ಆಸ್ಪತ್ರೆಯ ಶ್ವಾಸಕೋಶ ಪರೀಕ್ಷೆಯ ಲ್ಯಾಬಿನಲ್ಲಿ. ರೋಗಿಯ ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, "ಊದಿ, ಊದಿ, ಇನ್ನೂ ಊದಿ" ಎಂದು ಕಿರುಚುವುದು ನನ್ನ ಕೆಲಸ. ಉಸಿರಾಟ ಚಿಕಿತ್ಸೆ ಓದುವ ಹುಡುಗ ಹುಡುಗಿಯರಿಗೆ ಹೀಗೆ ಕಿರುಚಲು ಕಲಿಸುವುದೂ ನನ್ನದೇ ಕೆಲಸ. ಕಾರಿಡಾರಿನಲ್ಲಿ ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಊದು ಮೇಡಂ ಎಂದರೆ ಗೇಟಿನ ಸೆಕ್ಯೂರಿಟಿಯವನೂ ದಾರಿ ತೋರಿಸುತ್ತಾನೆ.

ಯಂತ್ರ ಸರಿಯಿದೆಯೋ ಇಲ್ಲವೋ ನೋಡಲು ನಮ್ಮಲ್ಲೊಂದು ಪದ್ಧತಿಯಿದೆ. ಆಸ್ತಮಾ ಇಲ್ಲದ, ಸಿಗರೇಟು ಸೇದದ, ಆರೋಗ್ಯವಂತರೊಬ್ಬರು ಪ್ರತಿ ಸೋಮವಾರ ರೋಗಿಗಳಿಗಿಂತ ಮೊದಲು ಬಂದು ಊದಬೇಕು. ಇವರನ್ನು ಕಂಟ್ರೋಲ್ ಎನ್ನುತ್ತೇವೆ. ತಿಂಗಳುಗಟ್ಟಲೆ ಊದಿಸಿ ಇವರ ಮಾಮೂಲಿ ಅಂಕಿ ಯಾವುದೆಂದು ಗೊತ್ತುಮಾಡಿಕೊಂಡಿರುತ್ತೇವೆ. ಅದೇ ಅಂಕಿ ಬಂದರೆ ಯಂತ್ರ ಸರಿ. ಬರದಿದ್ದರೆ ಹಿಂದಿನ ಸೋಮವಾರದಿಂದ ಈಚೆಗೆ ಮಾಡಿದ ಪರೀಕ್ಷೆಗಳೆಲ್ಲ ಅನುಮಾನದವು, ಒಂದು ರಿಪೋರ್ಟೂ ಬಾಗಿಲು ದಾಟಕೂಡದು.

ನಮ್ಮ ಲ್ಯಾಬಿನಲ್ಲಿ ಇಬ್ಬರು ಕಂಟ್ರೋಲ್‌ಗಳಿದ್ದೆವು. ಒಬ್ಬಳು ನಾನು. ಇನ್ನೊಬ್ಬಳು ಕೊನೆಯ ವರ್ಷದ ಈ ಹುಡುಗಿ. ಆನೇಕಲ್ ಕಡೆಯ ರೈತರ ಮನೆಯವಳು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳ ಸಾಲು ಎಬ್ಬಿಸಿರುವ ಮನೆ. ಓದಿನಲ್ಲಿ ಮುಂದೆ, ಕೈ ಚುರುಕು, ಮುಖ್ಯವಾಗಿ ನನಗಿಲ್ಲದ ತಾಳ್ಮೆ ಅವಳಿಗಿತ್ತು. ಆ ದಿನಗಳಲ್ಲಿ ನನ್ನ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಣ್ಣಿನ ಡಾಕ್ಟರು ಭಾರ ಎತ್ತಬೇಡಿ, ಬಗ್ಗಬೇಡಿ, ಉಸಿರು ಬಿಗಿಹಿಡಿದು ಊದಲೇಬೇಡಿ ಎಂದಿದ್ದರು. ಹಾಗಾಗಿ ಇಡೀ ಲ್ಯಾಬು ಆ ಹುಡುಗಿಯೊಬ್ಬಳ ಉಸಿರಿನ ಮೇಲೆ ನಡೆಯುತ್ತಿತ್ತು.

ಬಿದ್ದದ್ದು ಗ್ಯಾಸ್ ಟೆಸ್ಟಿನ ಅಂಕಿ. ಈ ಪರೀಕ್ಷೆಯಲ್ಲಿ ರೋಗಿ ಸಿಲಿಂಡರಿನ ಗಾಳಿಯನ್ನು ಆಳವಾಗಿ ಎಳೆದುಕೊಂಡು, ಸ್ವಲ್ಪ ಹೊತ್ತು ಹಿಡಿದು, ಬಿಡಬೇಕು. ಆ ಗಾಳಿಯಲ್ಲಿ ತೀರಾ ಚೂರು ಕಾರ್ಬನ್ ಮೊನಾಕ್ಸೈಡ್ ಬೆರೆಸಿರುತ್ತಾರೆ. ಅದರಲ್ಲಿ ಎಷ್ಟು ಪಾಲು ಶ್ವಾಸಕೋಶ ದಾಟಿ ರಕ್ತಕ್ಕೆ ಇಳಿಯಿತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಶ್ವಾಸಕೋಶದ ಒಳಗಿನ ಪೊರೆ ಕೆಟ್ಟು ದಪ್ಪಗಾದವರಲ್ಲಿ ಇಳಿಯುವುದು ಕಡಿಮೆ.

ಹಿಂದಿನ ಗುರುವಾರ ಇದೇ ಪರೀಕ್ಷೆ ಮಾಡಿಸಿಕೊಂಡು ಹೋಗಿದ್ದ ಒಬ್ಬರು ಆ ಬೆಳಿಗ್ಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಜಿಗಣಿಯ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕತ್ತರಿಸುವ ಕೆಲಸಗಾರ. ನೀರು ಹಾಯಿಸದೆ ಒಣಕಲ್ಲನ್ನೇ ಕೊಯ್ಯುವ ಶೆಡ್ಡಿನಲ್ಲಿ ವರ್ಷಗಳಿಂದ ದುಡಿದವರು. ನಮ್ಮ ಪರೀಕ್ಷೆಯಲ್ಲಿ ಅವರ ಅಂಕಿ ಬಹಳ ಕಡಿಮೆ ಬಂದಿತ್ತು. ನಮ್ಮ ವಿಭಾಗದ ಮುಖ್ಯಸ್ಥರು, ಎದೆರೋಗದ ಡಾಕ್ಟರು, "ಇವರನ್ನು ಧೂಳಿನ ಕೆಲಸದಿಂದ ಬಿಡಿಸಬೇಕು" ಎಂದು ಬರೆಯಲು ಪೆನ್ನು ಹಿಡಿದು ಕೂತಿದ್ದರು. ಕಾರ್ಖಾನೆಯವರು ಸಾಮಾನು ಇಡುವ ಸ್ಟೋರಿನ ಕೆಲಸಕ್ಕೆ ಬದಲಾಯಿಸಲು ಒಪ್ಪಿದ್ದರು, ಆದರೆ ರಿಪೋರ್ಟಿನ ಜೊತೆಗೆ ಯಂತ್ರ ಸರಿಯಿದೆ ಎಂಬುದಕ್ಕೂ ಆಧಾರ ಕೊಡಬೇಕೆಂದು ಹೇಳಿದ್ದರು. ಆ ಆಧಾರವೇ ಈಗ ಕೈಕೊಟ್ಟಿತ್ತು.

ನಾನು ಹೊರಗೆ ಹೋಗಿ, "ಅಣ್ಣ, ಮಷೀನ್ ಯಾಕೋ ಸರಿ ಇಲ್ಲ. ಇನ್ನೊಂದು ವಾರ ಬಿಟ್ಟು ಬನ್ನಿ," ಎಂದೆ.

"ಅಂಗಾದ್ರೆ ಈ ವಾರಾನೂ ಕಟಿಂಗ್‌ಗೇ ಓಗ್ಲಾ ಮೇಡಮ್ಮೋರೆ?"

ಅವರು ಸಿಟ್ಟಿನಿಂದ ಕೇಳಲಿಲ್ಲ, ಹೋಗಬೇಕೋ ಬೇಡವೋ ತಿಳಿದುಕೊಳ್ಳಲು ಕೇಳಿದರು. ಹೋಗಬೇಡಿ ಎನ್ನುವ ಅಧಿಕಾರ ನನಗಿರಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಏನೋ ಹೇಳಿ ಒಳಗೆ ಬಂದೆ. ಬಂದವಳೇ ಏಪ್ರನ್ನಿನ ತೋಳು ಮಡಚಿದೆ. ಒಂದು ವಾರದೊಳಗೆ ಈ ಯಂತ್ರದ ಕಾಯಿಲೆ ಹಿಡಿಯದಿದ್ದರೆ ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಎಂದುಕೊಂಡೆ.

ಮೊದಲು ಅಳತೆಯ ದೊಡ್ಡ ಸಿರಿಂಜಿನಿಂದ ಗಾಳಿ ತಳ್ಳಿ ನೋಡಿದೆವು. ಯಂತ್ರ ಚಾಚೂ ತಪ್ಪದೆ ಅಳೆಯಿತು. ಕೊಳವೆಗಳನ್ನು ಬಿಚ್ಚಿ ಸೋರಿಕೆ ನೋಡಿದೆವು, ಫಿಲ್ಟರ್ ಬದಲಾಯಿಸಿದೆವು, ಬಾಯಿಗೆ ಇಡುವ ರಬ್ಬರ್ ತುಂಡಿನವರೆಗೆ ಎಲ್ಲ ಹೊಸದು ಹಾಕಿದೆವು. ಮರುದಿನ ಹುಡುಗಿ ಊದಿದಳು, ಅಂಕಿ ಸರಿಯಾಗಿ ಬಂತು. ಲ್ಯಾಬಿನಲ್ಲಿ ಚಪ್ಪಾಳೆ. ಅದರ ಮರುದಿನ ಮತ್ತೆ ಬಿತ್ತು.

ಹಟಕ್ಕೆ ಬಿದ್ದು ಗ್ಯಾಸ್ ಸಿಲಿಂಡರನ್ನೇ ಬದಲಾಯಿಸಿದೆವು. ಪೀಣ್ಯದಿಂದ ಸರ್ವೀಸ್ ಇಂಜಿನಿಯರ್ ಬಂದ. ಇಡೀ ಊರಿನ ಟ್ರಾಫಿಕ್ಕನ್ನು ಬೈಯುತ್ತಲೇ ಯಂತ್ರದ ಹೊಟ್ಟೆ ಬಿಚ್ಚಿದ. ಸಂಜೆಯವರೆಗೆ ಕೂತು, "ಮೇಡಂ, ಎಲ್ಲಾ ಪರ್ಫೆಕ್ಟ್ ಆಗಿದೆ. ಇದ್ರಲ್ಲಿ ಏನೂ ಇಲ್ಲ," ಎಂದು ಮತ್ತೆ ಮುಚ್ಚಿದ. ಏನೂ ಇಲ್ಲದಿದ್ದರೆ ಅಂಕಿ ಯಾಕೆ ಬೀಳುತ್ತದೆ ಎಂದು ಅವನ ಮೇಲೆ ರೇಗಿದೆ. ಅವನು ಪಾಪ, ತನ್ನ ಸ್ಕ್ರೂಡ್ರೈವರ್‌ಗಳನ್ನು ಎಣಿಸಿಕೊಂಡು ಹೊರಟುಹೋದ.

ಬೇರೆ ಯಾರನ್ನಾದರೂ ಊದಿಸಿ ನೋಡಬಾರದೇ ಎಂದು ನೀವು ಕೇಳಬಹುದು. ಊದಿಸಿದೆವು. ವಾರ್ಡಿನ ಸಿಸ್ಟರ್ ಊದಿದರು, ಫಿಸಿಯೋಥೆರಪಿಯವರು ಊದಿದರು. ಅಂಕಿ ಒಳ್ಳೆಯದೇ ಬಂತು. ಆದರೆ ಅವರ ಹಳೆಯ ಅಂಕಿ ನಮ್ಮಲ್ಲಿಲ್ಲ. ನಿನ್ನೆಯವರೆಗೆ ಎಷ್ಟಿತ್ತೆಂದು ಗೊತ್ತಿಲ್ಲದವರನ್ನು ಇಟ್ಟುಕೊಂಡು ಇವತ್ತು ಕಡಿಮೆಯಾಯಿತೋ ಇಲ್ಲವೋ ಹೇಳುವುದು ಹೇಗೆ? ಬೆಂಚಿನ ಮೇಲೆ ಕೂತಿದ್ದ ಆ ಕೆಲಸಗಾರರನ್ನು ಊರೊಳಗಿನ ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರೆ ಅಲ್ಲಿ ಸರದಿ ಬರುವುದಕ್ಕೆ ತಿಂಗಳುಗಳೇ ಬೇಕು. ಅವರು ಹೇಳಿದ ದಿನಕ್ಕೆ ಮತ್ತೆ ಬಂದರು. ಅದೇ ಬೆಂಚು, ಅದೇ ದನಿ. "ಮಿಸನ್ನು ಸರಿ ಓಯ್ತಾ ಮೇಡಮ್ಮೋರೆ?" ಇಲ್ಲ ಎಂದೆ. ತಲೆಯಾಡಿಸಿ, ಎರಡು ಸಲ ನಿಂತು ನಿಂತು ರ‍್ಯಾಂಪ್ ಇಳಿದುಹೋದರು.

ಆಗ ನನಗೆ ಬೇರೊಂದು ಭಯ ಹತ್ತಿತು. ಯಂತ್ರ ಸರಿಯಿದ್ದರೆ ಹುಡುಗಿಯಲ್ಲೇ ಏನಾದರೂ ಕಾಯಿಲೆ ಇರಬಹುದೇ? ಬಾಗಿಲು ಹಾಕಿಕೊಂಡು ಅವಳನ್ನು ಕೂರಿಸಿ ಒಂದೊಂದೇ ಕೇಳಿದೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತೇ, ರಾತ್ರಿ ಬೆವರುತ್ತೀಯಾ, ಯಾವ ಮಾತ್ರೆ ತೆಗೆದುಕೊಳ್ಳುತ್ತೀಯಾ, ಹಾಸ್ಟೆಲ್ ಕಿಟಕಿಯಲ್ಲಿ ಪಾರಿವಾಳ ಗೂಡು ಕಟ್ಟಿವೆಯೇ. ಪಾರಿವಾಳದ ಹಿಕ್ಕೆಯ ಧೂಳಿನಿಂದ ಬರುವ ಕಾಯಿಲೆಯ ಬಗ್ಗೆ ಅಷ್ಟು ಹೊತ್ತು ವಿಚಾರಿಸಿದೆ. ಎಲ್ಲಕ್ಕೂ ಇಲ್ಲ ಮೇಡಂ, ಇಲ್ಲ ಮೇಡಂ. ರಕ್ತ ಪರೀಕ್ಷೆ ಮಾಡಿಸಿದೆ, ರಕ್ತಹೀನತೆ ಇರಲಿಲ್ಲ. ಮುಖ್ಯಸ್ಥರು ಹುಬ್ಬು ಗಂಟಿಕ್ಕಿ, "ಒಂದು ಸಿ.ಟಿ. ಸ್ಕ್ಯಾನ್ ಮಾಡಿಸಿಬಿಡೋಣಮ್ಮ, ಹುಡುಗಿ ವಯಸ್ಸು ಚಿಕ್ಕದು," ಎಂದರು. ಸ್ಕ್ಯಾನ್ ಎಂದ ಕೂಡಲೇ ಅವಳ ಮುಖ ಬಾಡಿತು. ಹೆದರಿದ್ದಾಳೆ ಪಾಪ ಎಂದುಕೊಂಡು ಕ್ಯಾಂಟೀನಿನಿಂದ ಬಾದಾಮಿ ಹಾಲು ತರಿಸಿಕೊಟ್ಟೆ.

ಸ್ಕ್ಯಾನಿಗೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ತಂಬಾಕು ಬಿಡಿಸುವ ಶಿಬಿರಕ್ಕೆ ನಮ್ಮ ವಿದ್ಯಾರ್ಥಿಗಳು ಹೋಗಬೇಕಾಗಿ ಬಂತು. ಒಂದು ಕಿರುನಾಟಕ, ಒಂದಷ್ಟು ಪೋಸ್ಟರು. ವ್ಯಸನ ಬಿಡಿಸುವ ವಿಭಾಗದಿಂದ ಅಂಗೈಯಷ್ಟು ಅಗಲದ ಒಂದು ಮೀಟರ್ ತಂದಿದ್ದರು. ಅದರೊಳಗೆ ಮೆಲ್ಲಗೆ ಉಸಿರು ಬಿಟ್ಟರೆ ಉಸಿರಿನಲ್ಲಿ ಎಷ್ಟು ಕಾರ್ಬನ್ ಮೊನಾಕ್ಸೈಡ್ ಇದೆಯೆಂದು ತೋರಿಸುತ್ತದೆ. ಸೇದದವರಿಗೆ ಹಸಿರು ದೀಪ, ಸೇದುವವರಿಗೆ ಕೆಂಪು.

ನಾಟಕದ ತಾಲೀಮು ನಮ್ಮ ಲ್ಯಾಬಿನಲ್ಲೇ. ಡಾಕ್ಟರ ಪಾತ್ರ ಹಾಕಿದ್ದ ಹುಡುಗ ತಾಲೀಮಿಗೆ ಬಂದದ್ದೇ ದಮ್ಮು ಹೊಡೆದುಕೊಂಡು. ಇವರ ರೀತಿ ನೋಡಬೇಕು. ಸರ್ವೀಸ್ ರಸ್ತೆಯಾಚೆ, ಮೆಟ್ರೋ ಕಂಬಗಳ ಪಕ್ಕದಲ್ಲೊಂದು ಟೀ ಅಂಗಡಿ. ಅಲ್ಲಿಗೆ ಹೋಗುವ ಮುಂಚೆ ಏಪ್ರನ್ ಬಿಚ್ಚಿ, ಒಳಗು ಹೊರಗು ಮಾಡಿ ಮಡಚಿ, ಬೈಕಿನ ಸೀಟಿನ ಕೆಳಗೆ ಇಡುತ್ತಾರೆ. ಏಪ್ರನ್ನಿಗೆ ಮರ್ಯಾದೆಯಂತೆ! ನರ್ಸಿಂಗಿನವರು, ಫಿಸಿಯೋದವರು, ನಮ್ಮವರು, ಎಂ.ಬಿ.ಬಿ.ಎಸ್. ಹುಡುಗರು, ಅಲ್ಲಿ ಜಾತಿಭೇದವಿಲ್ಲ. ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದು. ತರಗತಿ ಮುಗಿದ ಮೇಲೆ ಸೇದುವ ಹುಡುಗರು ನಮ್ಮ ಯಂತ್ರಕ್ಕೆ ಬಾಯಿ ಕೊಟ್ಟು ತಮ್ಮ ತಮ್ಮ ಶ್ವಾಸಕೋಶ ಅಳೆದುಕೊಳ್ಳುತ್ತಿದ್ದರು. ವಯಸ್ಸಿನ ಹುಡುಗರು, ಊದುವ ಪರೀಕ್ಷೆಯಲ್ಲಿ ಎಲ್ಲರಿಗೂ ಇರಬೇಕಾದದ್ದರ ಶೇಕಡಾ ನೂರರ ಮೇಲೆಯೇ ಬರುತ್ತದೆ. ಆ ಪ್ರಿಂಟಿನ ಫೋಟೋ ಫೋನಿನಲ್ಲಿ ಇಟ್ಟುಕೊಂಡು, "ನೋಡು ಮಗಾ, ಲಂಗ್ಸ್ ಸಕ್ಕತ್ತಾಗಿದೆ," ಎಂದು ಮತ್ತೊಂದು ಹಚ್ಚುತ್ತಿದ್ದರು. ಓದದವನು ಸೇದಿದರೆ ಕೆಮ್ಮು ಬಂದಾಗಲಾದರೂ ಹೆದರುತ್ತಾನೆ. ನಮ್ಮವರು ಪರೀಕ್ಷೆ ಮಾಡಿಕೊಂಡು ಧೈರ್ಯ ತಂದುಕೊಳ್ಳುತ್ತಿದ್ದರು.

ಮೀಟರ್ ಸರಿಯಿದೆಯೇ ನೋಡಬೇಕಿತ್ತು. ಡಾಕ್ಟರ ಪಾತ್ರದವನು ಅದನ್ನು ಕಂಟ್ರೋಲ್ ಹುಡುಗಿಯ ಮುಂದೆ ಹಿಡಿದ.

"ನಂಗ್ಯಾಕೋ, ಬೇರೆ ಯಾರ್ಗಾದ್ರೂ ಕೊಡು," ಎಂದಳು.

"ಲೇ, ನೀನು ಕಂಟ್ರೋಲ್ ಕಣೇ. ನಿಂಗೇ ಸೊನ್ನೆ ಬರ್ಬೇಕು. ಊದು."

ಎಲ್ಲರೂ ನೋಡುತ್ತಿದ್ದರು. ಊದಿದಳು. ಕೆಂಪು ದೀಪ ಹತ್ತಿತು.

ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು. "ಬ್ಯಾಟರಿ ಹೋಗಿದೆ ಗುರು, ಇದೂ ಕೆಟ್ಟೋಯ್ತು!" ನಾನೂ ನಕ್ಕೆ. ನಗುತ್ತಲೇ ಮೀಟರ್ ಕೈಗೆ ತೆಗೆದುಕೊಂಡು, ಹೊಸ ಕೊಳವೆ ಹಾಕಿ, ಮೆಲ್ಲಗೆ ಉಸಿರು ಬಿಟ್ಟೆ. ಇದಕ್ಕೆ ಕಣ್ಣಿಗೆ ಅಪಾಯವಾಗುವಷ್ಟು ಜೋರು ಬೇಕಿಲ್ಲ. ಹಸಿರು. ಡಾಕ್ಟರ ಪಾತ್ರದವನಿಗೆ ಕೊಟ್ಟೆ. ಕೆಂಪು, ಮತ್ತು ದೊಡ್ಡ ಅಂಕಿ. ಮತ್ತೆ ಹುಡುಗಿಯತ್ತ ತಿರುಗಿದೆ. ಅವಳು ಲ್ಯಾಬಿನಲ್ಲಿರಲಿಲ್ಲ.

ನನ್ನ ನಗು ಅಲ್ಲೇ ನಿಂತಿತು. ಒಂದು ಯಂತ್ರ ಕೆಟ್ಟಿದೆ ಎಂದು ಇಷ್ಟು ದಿನ ಬಿಚ್ಚಿ ಹಾಕಿದ್ದೆವು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ಇನ್ನೊಂದು ಯಂತ್ರ ಅದೇ ಮಾತು ಹೇಳುತ್ತಿತ್ತು. ಸಿಗರೇಟು ಸೇದಿದವರ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಮೊದಲೇ ಸೇರಿಕೊಂಡಿರುತ್ತದೆ. ಗ್ಯಾಸ್ ಟೆಸ್ಟಿನಲ್ಲಿ ಮತ್ತಷ್ಟು ಕೊಟ್ಟರೆ ಇಳಿಯಲು ಅದಕ್ಕೆ ಜಾಗವೆಲ್ಲಿ? ಅಂಕಿ ಬೀಳಲೇಬೇಕು. ಪಾಠದಲ್ಲಿ ಪ್ರತಿ ವರ್ಷ ನಾನೇ ಬೋರ್ಡಿನ ಮೇಲೆ ಬರೆಯುವ ಮಾತು ಇದು. ಕಂಟ್ರೋಲ್ ಆರಿಸುವಾಗ ಹುಡುಗರ ಬೆರಳು ಮೂಸಿ ನೋಡಿದ್ದೆವು. ಹುಡುಗಿಯರನ್ನು ಸೇದುತ್ತೀರಾ ಎಂದು ಬಾಯಿಮಾತಿಗೂ ಕೇಳಿರಲಿಲ್ಲ. ಪಾರಿವಾಳದ ಬಗ್ಗೆ ಕೇಳಿದ ದಿನವೂ ಆ ಪ್ರಶ್ನೆ ನಮ್ಮ ಬಾಯಿಗೆ ಬರಲಿಲ್ಲ. ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಹಿಂದಿನ ಮೆಟ್ಟಿಲ ಮೇಲೆ ಸಿಕ್ಕಳು. ನನ್ನನ್ನು ಕಂಡು ಎದ್ದು ನಿಂತಳು.

"ಎಷ್ಟು ದಿನದಿಂದ?" ಎಂದೆ.

"ಐಸಿಯು ಪೋಸ್ಟಿಂಗ್ ಶುರುವಾದ ಮೇಲೆ ಮೇಡಂ. ಡ್ಯೂಟಿ ಇರೋ ದಿನ ಮಾತ್ರ. ಆವತ್ತು ಒಂದಾದ ಮೇಲೊಂದು ಆಗ್ಬಿಡುತ್ತೆ. ಬೇರೆ ದಿನ ಇಲ್ಲ. ನಾನು ಅಂಥಾ ಸ್ಮೋಕರ್ ಏನಲ್ಲ." ಅಂಗಡಿಗೆ ಅವಳು ಹೋಗುತ್ತಿರಲಿಲ್ಲ. ಡಾಕ್ಟರ ಪಾತ್ರದವನೇ ಬಿಡಿ ಸಿಗರೇಟು ತಂದುಕೊಡುತ್ತಿದ್ದ. ಅವನನ್ನೂ, ಅವಳ ರೂಮಿನವಳನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ಮತ್ತೆ ಕಂಟ್ರೋಲ್ ಆಗಿ ಹೇಗಮ್ಮ ಕೂತೆ?"

"ನಂದು ಊದೋ ಟೆಸ್ಟು ನೂರಕ್ಕಿಂತ ಜಾಸ್ತಿ ಬರ್ತಿತ್ತಲ್ಲ ಮೇಡಂ. ಲಂಗ್ಸ್ ಚೆನ್ನಾಗಿದೆ ಅಂದ್ಕೊಂಡೆ. ಯಾರೂ ಕೇಳ್ಲೂ ಇಲ್ಲ."

"ಗ್ಯಾಸ್ ಟೆಸ್ಟಿಗೆ ಮುಂಚೆ ಸೇದಬಾರದು ಅಂತ ಪಾಠ ಮಾಡಿದ್ದೆನಲ್ಲ?"

ಅವಳು ನನ್ನ ಮುಖ ನೋಡದೆ ಹೇಳಿದಳು. "ಅದು ಪೇಷಂಟ್‌ಗಳಿಗೆ ಅಂತ ಓದ್ಕೊಂಡಿದ್ದೆ ಮೇಡಂ."

ಇದು ಅವಳೊಬ್ಬಳ ಮಾತಾಗಿರಲಿಲ್ಲ. ಆ ಟೀ ಅಂಗಡಿಯ ಮುಂದೆ ನಿಲ್ಲುವ ಅಷ್ಟೂ ಮಕ್ಕಳು ಹಾಗೇ ಓದಿಕೊಂಡಿದ್ದರು. ಪುಸ್ತಕದಲ್ಲಿರುವ ಶ್ವಾಸಕೋಶವೆಲ್ಲ ರೋಗಿಯದು, ತಮ್ಮದು ಬೇರೆ.

ಗ್ರಾನೈಟ್ ಕೆಲಸಗಾರರ ರಿಪೋರ್ಟು ತನ್ನ ಅಂಕಿಯ ಮೇಲೆ ನಿಂತಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ವಿದ್ಯಾರ್ಥಿಗಳಿಗೆ ನಾವು ಅದನ್ನೆಲ್ಲ ಹೇಳುವುದಿಲ್ಲ. ಹೇಳಿದೆ. ವಾರ ವಾರ ಬಂದು ಬೆಂಚಿನ ಮೇಲೆ ಕೂತು ಮತ್ತೆ ಅದೇ ಧೂಳಿಗೆ ಹೋಗುತ್ತಿದ್ದಾರೆ ಎಂದೆ. ಅವಳ ಬಣ್ಣ ಇಳಿಯಿತು.

"ಅವರನ್ನ ಊದ್ಸಿದ್ದು ನಾನೇ ಮೇಡಂ. ಆಗಲ್ಲ ಅಂತಿದ್ರು, ಬೆನ್ನು ಸವರಿ ಸವರಿ ಊದ್ಸಿದ್ದು," ಎಂದಳು. ಅತ್ತುಬಿಡುತ್ತಾಳೆ ಎಂದುಕೊಂಡೆ, ಅಳಲಿಲ್ಲ. "ಬಿಟ್ರೆ ಬ್ಲಡ್ಡು ಬೇಗ ಕ್ಲಿಯರ್ ಆಗುತ್ತಲ್ವಾ ಮೇಡಂ? ಬಿಟ್ಟು ಊದ್ತೀನಿ. ಅಂಕಿ ವಾಪಸ್ ಬಂದ್ರೆ ಮಷೀನ್ ಸರಿ ಅಂತ ಆಗುತ್ತಲ್ಲ?"

ಆಗುತ್ತದೆ. ನಾನು ಹೇಳಬೇಕಾದದ್ದನ್ನು ಅವಳೇ ಹೇಳಿದಳು. ಸಿ.ಟಿ. ಸ್ಕ್ಯಾನ್ ರದ್ದಾಯಿತು.

ಮುಖ್ಯಸ್ಥರಿಗೆ ಇದು ಬೇಕಿರಲಿಲ್ಲ. "ಯಾಕಮ್ಮ ಇಷ್ಟು ರಾಮಾಯಣ? ತಾಂತ್ರಿಕ ದೋಷ ಇತ್ತು, ಸರಿಪಡಿಸಲಾಗಿದೆ ಅಂತ ಒಂದು ಸಾಲು ಬರ್ದುಬಿಡಿ. ಹುಡುಗಿ ಭವಿಷ್ಯ ನೋಡಿ. ಕಾಲೇಜಿಗೆ ಗೊತ್ತಾದ್ರೆ ಅಪ್ಪ ಅಮ್ಮನ್ನ ಕರೆಸ್ತಾರೆ, ಪ್ಲೇಸ್‌ಮೆಂಟ್‌ಗೂ ಕಲ್ಲು ಬೀಳುತ್ತೆ," ಎಂದರು.

ಅವರು ಕೆಟ್ಟವರಲ್ಲ. ಹುಡುಗಿಯ ಮೇಲಿನ ಕರುಣೆಯಿಂದಲೇ ಹೇಳಿದರು. ನಾನೂ ಒಂದು ಕ್ಷಣ ಹೂಂ ಎನ್ನುವವಳಿದ್ದೆ. ಆಮೇಲೆ ಬೆಂಚಿನ ನೆನಪಾಯಿತು. "ಸಾರ್, ದೋಷ ಇತ್ತು ಅಂತ ನಾವೇ ಬರೆದುಕೊಟ್ಟರೆ ಅವರ ಅಂಕಿಯೂ ಕೆಟ್ಟ ಮಷೀನಿನ ಅಂಕಿ ಆಗುತ್ತೆ. ಕಾರ್ಖಾನೆಯವರು ಅದನ್ನೇ ಹಿಡ್ಕೊಂಡು ಮೊದಲಿಂದ ಶುರುಮಾಡಿ ಅಂತಾರೆ. ಮಷೀನು ಒಂದು ದಿನವೂ ತಪ್ಪು ಹೇಳಿಲ್ಲ. ನಿಜ ಏನಿದೆಯೋ ಅದನ್ನೇ ಬರೀತೀನಿ, ಹೆಸರು ಬರೆಯೋದಿಲ್ಲ," ಎಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ, "ಆಯ್ತು," ಎಂದರು.

ಬಿಡುವುದು ಹೇಳಿದಷ್ಟು ಸುಲಭವಾಗಲಿಲ್ಲ. ಮುಂದಿನ ಸೋಮವಾರ ಬಂದವಳು ಮೀಟರ್ ಹಿಡಿಯುವ ಮುಂಚೆಯೇ, "ಬೇಡ ಮೇಡಂ. ನಿನ್ನೆ ಡ್ಯೂಟೀಲಿ ಒಂದು ಹುಡುಗ ಹೋಗ್ಬಿಟ್ಟ. ಬೆಳಿಗ್ಗೆ ಸೇದ್ಬಿಟ್ಟೆ," ಎಂದಳು. ನನಗೆ ತಡೆಯಲಾಗಲಿಲ್ಲ. ನಿನ್ನ ದುಃಖಕ್ಕೆ ಇನ್ನೊಬ್ಬನ ಶ್ವಾಸಕೋಶ ಯಾಕೆ ತೆರಬೇಕು ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ನಿಂತು ಕೇಳಿಸಿಕೊಂಡಳು. ಕೇಳಿಸಿಕೊಂಡು, ಆ ವಾರವೂ ರಿಪೋರ್ಟಿಲ್ಲ ಎಂದು ಕೆಲಸಗಾರರಿಗೆ ಹೇಳುವ ಕೆಲಸ ತನಗೇ ಕೊಡಿ ಎಂದಳು. ಕೊಟ್ಟೆ. ಗಾಜಿನ ಬಾಗಿಲಿನಾಚೆ ಅವಳು ಬೆಂಚಿನ ಪಕ್ಕ ಮಂಡಿಯೂರಿ ಕೂತು ಹೇಳುವುದು, ಅವರು ತಲೆಯಾಡಿಸುವುದು ಕಂಡಿತು. ಒಳಗೆ ಬಂದವಳು ಚೀಲದಿಂದ ಉಳಿದಿದ್ದ ಬಿಡಿ ಸಿಗರೇಟುಗಳನ್ನು ತೆಗೆದು ಬಯೋಮೆಡಿಕಲ್ ಕಸದ ಹಳದಿ ಬುಟ್ಟಿಗೆ ಹಾಕಿದಳು. ಅದು ಹಾಕಬೇಕಾದ ಬುಟ್ಟಿಯಲ್ಲ ಎಂದು ಬೈಯಲು ಬಾಯಿ ತೆರೆದವಳು ಬುಟ್ಟಿಯ ಮುಚ್ಚಳ ಹಾಕಿದೆ.

ತಂದುಕೊಡುತ್ತಿದ್ದ ಹುಡುಗನನ್ನೂ ಕರೆಸಿದೆ. "ಅವಳು ಬಿಟ್ರೆ ನಾನೂ ಬಿಡ್ತೀನಿ ಮೇಡಂ, ಪ್ರಾಮಿಸ್," ಎಂದ. ಅವನ ಪ್ರಾಮಿಸ್ಸು ಮಧ್ಯಾಹ್ನದ ಊಟದವರೆಗೆ ಬಾಳಿತು. ಆದರೆ ಅವಳಿಗೆ ಮತ್ತೆ ತಂದುಕೊಡಲಿಲ್ಲ, ಐಸಿಯು ಡ್ಯೂಟಿ ಮುಗಿದಾಗ ಅವಳನ್ನು ಟೀ ಅಂಗಡಿಯ ಬದಲು ಕ್ಯಾಂಟೀನಿಗೆ ಎಳೆದುಕೊಂಡು ಹೋಗುತ್ತಿದ್ದ. ಅಷ್ಟಕ್ಕೆ ಅವನಿಗೆ ಮಾಫಿ.

ಆ ವಾರ ಅವಳು ದಿನಾ ಬೆಳಿಗ್ಗೆ ಬಂದಳು. ಬಾಯಿ ಒಣಗಿ, ಸಣ್ಣಪುಟ್ಟದಕ್ಕೆ ಎಲ್ಲರ ಮೇಲೂ ರೇಗುತ್ತಾ. ಮೊದಲು ಮೀಟರ್, ಆಮೇಲೆ ಯಂತ್ರ. ಮೀಟರಿನ ಕೆಂಪು ಹಸಿರಾಯಿತು. ಗ್ಯಾಸ್ ಟೆಸ್ಟಿನ ಅಂಕಿ ಮೇಲೆ ಬಂದು ಅವಳ ಹಳೆಯ ಜಾಗದಲ್ಲಿ ಕೂತಿತು. ಮರುದಿನವೂ ಅಲ್ಲೇ, ಅದರ ಮರುದಿನವೂ ಅಲ್ಲೇ. ಐಸಿಯು ಡ್ಯೂಟಿ ಇದ್ದಾಗಲೂ ಕದಲಲಿಲ್ಲ. ಈ ಸಲ ಯಂತ್ರದ ಒಂದು ಸ್ಕ್ರೂ ಕೂಡ ನಾವು ಮುಟ್ಟಿರಲಿಲ್ಲ. ಕೆಲಸಗಾರರನ್ನು ಕರೆಸಿ ಮತ್ತೊಮ್ಮೆ ಪರೀಕ್ಷೆ ಮಾಡಿದೆವು. ಅವರ ಅಂಕಿ ಮೊದಲು ಬಂದಷ್ಟೇ ಕಡಿಮೆ ಬಂತು. ನನಗೆ ಆ ಕ್ಷಣ ಖುಷಿಯಾಯಿತು. ಒಬ್ಬ ಮನುಷ್ಯನ ಶ್ವಾಸಕೋಶ ಹಾಳಾಗಿರುವುದು ಖಚಿತವಾದದ್ದಕ್ಕೆ ಖುಷಿಪಡುವಂತಾಯಿತಲ್ಲ ಎಂದು ಆಮೇಲೆ ಕಸಿವಿಸಿಯಾಯಿತು.

ರಿಪೋರ್ಟು ತೆಗೆದುಕೊಳ್ಳಲು ಕಾರ್ಖಾನೆಯ ಸೇಫ್ಟಿ ಆಫೀಸರ್ ತಾವೇ ಬಂದರು. ಮುಖ್ಯಸ್ಥರ ಕೋಣೆಯಲ್ಲಿ ಅವರು, ನಾನು, ಕೆಲಸಗಾರರು. ಕೆಲಸಗಾರರನ್ನು ನಡೆಸಿ ಆಮ್ಲಜನಕದ ಮಟ್ಟ ನೋಡಿ ಕರೆತಂದಿದ್ದ ಹುಡುಗಿ ಅವರ ಕುರ್ಚಿಯ ಹಿಂದೆ ನಿಂತಿದ್ದಳು.

ಆಫೀಸರ್ ಪುಟ ತಿರುಗಿಸಿ ನನ್ನ ಟಿಪ್ಪಣಿಗೆ ಬಂದು ನಿಂತರು. "ಮೇಡಂ, ನಾನು ಮೇಲಿನವ್ರಿಗೆ ಉತ್ತರ ಕೊಡ್ಬೇಕು. ಇಷ್ಟು ವಾರ ಮಷೀನ್ ಸರಿ ಇಲ್ಲ ಅಂದ್ರಿ. ಈಗ ಕಂಟ್ರೋಲ್ ಸಿಗರೇಟ್ ಸೇದಿದ್ರು, ಮಷೀನ್ ಸರಿಯಾಗೇ ಇತ್ತು ಅಂತೀರಿ. ಯಾರದು? ಕರೀರಿ ಆ ಹುಡುಗನ್ನ, ಮಾತಾಡ್ತೀನಿ."

"ಹೆಸರು ಹೇಳೋಕಾಗಲ್ಲ ಸಾರ್."

"ಹಂಗಾದ್ರೆ ಇದನ್ನ ನಾನೂ ತಗೊಳ್ಳೋಕಾಗಲ್ಲ. ಬೇರೆ ಕಡೆ ಮಾಡ್ಸೋಣ ಬಿಡಿ." ಅವರು ಕಾಗದಗಳನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಕೆಲಸಗಾರರು ಆ ಕಾಗದಗಳನ್ನೇ ನೋಡುತ್ತಿದ್ದರು.

"ಹುಡುಗ ಅಲ್ಲ ಸಾರ್," ಎಂದಿತು ಕುರ್ಚಿಯ ಹಿಂದಿನ ದನಿ. "ನಾನು."

ನಾನು ಬೇಡವೆಂದು ಕಣ್ಣಲ್ಲೇ ಹೇಳಿದೆ, ಅವಳು ನನ್ನ ಕಡೆ ನೋಡಲಿಲ್ಲ. ಆಫೀಸರ್ ನಕ್ಕರು. "ಏನಮ್ಮ, ಮೇಡಂ ಹೇಳ್ಕೊಟ್ರಾ?"

"ನನ್ನ ಐಸಿಯು ರೋಸ್ಟರ್ ನೋಡಿ ಸಾರ್. ನಾನು ಸೇದಿರೋದು ಆ ದಿನಗಳಲ್ಲಿ. ಅಂಕಿ ಬಿದ್ದಿರೋದೂ ಅದರ ಹಿಂದೇನೇ. ನಂಬಿಕೆ ಇಲ್ಲ ಅಂದ್ರೆ ನಮ್ಮಪ್ಪಂಗೆ ಈಗ್ಲೇ ಫೋನ್ ಮಾಡಿ ನಿಮ್ಮುಂದೇನೇ ಹೇಳ್ತೀನಿ. ಅಪ್ಪಂಗೆ ಇನ್ನೂ ಗೊತ್ತಿಲ್ಲ." ಫೋನ್ ತೆಗೆದು ನಂಬರ್ ಒತ್ತಿಯೇಬಿಟ್ಟಳು. ಕೋಣೆಯಲ್ಲಿ ರಿಂಗಾಗುವ ಸದ್ದು ಎಲ್ಲರಿಗೂ ಕೇಳಿಸಿತು.

"ಬೇಡ, ಬೇಡಮ್ಮ, ಕಟ್ ಮಾಡು," ಎಂದು ಆಫೀಸರ್ ಎದ್ದೇ ನಿಂತರು. ಅವಳು ಕಟ್ ಮಾಡಿದಳು. ಅವರು ಮುಖ್ಯಸ್ಥರ ಕಡೆ ತಿರುಗಿ, "ಯಾವ ಹೆಣ್ಣುಮಗಳು ಸಾರ್ ಸುಳ್ಳಿಗೆ ಇಂಥದ್ದು ಒಪ್ಕೋತಾಳೆ," ಎಂದರು. ಕಾಗದಗಳನ್ನು ತಮ್ಮ ಕಡೆಗೆ ಎಳೆದುಕೊಂಡು ಫೈಲಿಗೆ ಹಾಕಿ, ಸೋಮವಾರದಿಂದ ಸ್ಟೋರಿಗೆ ಬಾ ಎಂದು ಕೆಲಸಗಾರರಿಗೆ ಹೇಳಿದರು.

ಗೆದ್ದೆವು. ಆದರೂ ನನ್ನ ಮೈ ಉರಿಯಿತು. ನಾವು ಕಷ್ಟಪಟ್ಟು ತೆಗೆದ ಗ್ರಾಫು, ಅಂಕಿ, ಮೀಟರಿನ ಲೆಕ್ಕ ಯಾವುದನ್ನೂ ಅವರು ನಂಬಲಿಲ್ಲ, ಒಬ್ಬ ಹುಡುಗಿಯ ಮರ್ಯಾದೆ ಹೋದದ್ದನ್ನು ನಂಬಿದರು. ಆ ಕೋಣೆಯ ಮಾತು ಕಾಲೇಜಿನ ಕಚೇರಿ ಮುಟ್ಟಿತು. ಪ್ರಿನ್ಸಿಪಾಲರು ಅವಳ ಅಪ್ಪನನ್ನು ಕರೆಸಿದರು, ಅವರು ಹಾಸ್ಟೆಲ್ ಬಿಡಿಸಿ ಮನೆಯಿಂದಲೇ ಓಡಾಡಿಸಿದರು, ಅವಳಿಗಾಗಿ ನಾನು ಪ್ರಿನ್ಸಿಪಾಲರ ಹತ್ತಿರ ಹೋಗಿ ಜಗಳವಾಡಿದೆ. ಸೇದುವ ಹುಡುಗರ ಅಪ್ಪಂದಿರನ್ನು ಯಾಕೆ ಕರೆಸಿಲ್ಲ ಎಂದು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಅದೆಲ್ಲ ಆಮೇಲಿನದು.

ಆ ದಿನ ಕೆಲಸಗಾರರನ್ನು ಬಸ್ ಸ್ಟಾಪಿನವರೆಗೆ ಬಿಡಲು ನಾವಿಬ್ಬರೂ ಹೊರಟೆವು. ಸ್ಟೋರಿನಲ್ಲಿ ಧೂಳಿಲ್ಲ, ಆದರೆ ಒಳಗೆ ಕೂತಿರುವ ಧೂಳು ಹೊರಗೆ ಬರುವುದಿಲ್ಲ ಎಂಬುದನ್ನು ಡಾಕ್ಟರು ಅವರಿಗೆ ಬಿಡಿಸಿ ಹೇಳಿದ್ದರು. ರ‍್ಯಾಂಪಿನ ಅರ್ಧಕ್ಕೆ ಅವರು ಕಂಬಿ ಹಿಡಿದು ನಿಂತರು. ಉಸಿರು ಹಿಂದಕ್ಕೆ ಬರುವವರೆಗೆ ನಾವೂ ನಿಂತೆವು. ಆಮೇಲೆ ಅವರು ಹುಡುಗಿಯ ಕಡೆ ತಿರುಗಿದರು. ಆಕ್ಷೇಪವೇನೂ ಇರಲಿಲ್ಲ ಆ ದನಿಯಲ್ಲಿ, ನಿಜವಾಗಿ ತಿಳಿಯದೆ ಕೇಳಿದರು.

"ಅಲ್ಲ ಕಣವ್ವ, ಆ ಸೆಡ್ಡಲ್ಲಿ ನಂಗೆ ಬ್ಯಾರೆ ಗಾಳಿ ಇರ್ನಿಲ್ಲ. ನಿಂಗೆ ಇತ್ತಲ್ಲವ್ವ?"

ಅವಳ ಕಣ್ಣು ತುಂಬಿತು. ಆಫೀಸರರ ಮುಂದೆ ಒಂದು ಹನಿಯೂ ಬಂದಿರಲಿಲ್ಲ.

"ಇತ್ತು ಅಣ್ಣ," ಎಂದಳು. ಅವರ ತೋಳು ಹಿಡಿದುಕೊಂಡು, ಅವರು ನಿಂತಲ್ಲೆಲ್ಲ ನಿಂತು, ಬಸ್ ಸ್ಟಾಪಿನವರೆಗೆ ನಡೆದಳು.